ಹೆದರಿಕೆ ಹೇಡಿತನವಲ್ಲ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಬೋನಸ್ಸಿನ ಮಾತು ಎತ್ತುವುದಿಲ್ಲ. ಪಾಳಿಯ ಮಾತೂ ಅಲ್ಲ. ಅಂಗಿಯ ಗುಂಡಿಯ ಮಾತು ಆಡಲು ನಿಂತಿದ್ದೇನೆ. ನಗಬೇಡಿ. ಆ ಗುಂಡಿಯ ದೆಸೆಯಿಂದ ನಮ್ಮವನೊಬ್ಬ ಎಂಟು ದಿನದಿಂದ ಕೆಲಸವಿಲ್ಲದೆ ಕೋಣೆಯಲ್ಲಿ ಕೂತಿದ್ದಾನೆ.

ಸಂಗತಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಅವನೊಬ್ಬ ಸಪ್ಲಾಯರ್. ನಾಲ್ಕು ವರ್ಷ ಒಂದೇ ಹೊಟೇಲಿನಲ್ಲಿ ದುಡಿದವನು, ಗಿರಾಕಿಗಳ ದೂರು ಒಂದೂ ಇಲ್ಲ. ಕಳೆದ ತಿಂಗಳು ಮಾಲೀಕರು ಎಲ್ಲರಿಗೂ ಹೊಸ ಅಂಗಿ ಹೊಲಿಸಿದರು. ಎದುರಿಗೆ ಏಳು ದೊಡ್ಡ ಬಿಳಿ ಗುಂಡಿ. ಇವನು ಹಾಕಲಾರೆನೆಂದ. ಮ್ಯಾನೇಜರು ಸೊಕ್ಕು ಎಂದು ತಿಳಿದು ಹೊರಗೆ ನಿಲ್ಲಿಸಿದರು. ನಮ್ಮ ಸಮಿತಿಯವರು ಕರೆಸಿ ಕೇಳಿದೆವು. ಅವನು ತಲೆ ತಗ್ಗಿಸಿ, "ಗುಂಡಿ ಕಂಡರೆ ಆಗುವುದಿಲ್ಲ ಅಣ್ಣ. ಕೈ ತಾಗಿದರೆ ವಾಂತಿ ಬಂದ ಹಾಗೆ ಆಗ್ತದೆ. ಸಣ್ಣಂದಿನಿಂದ ಹೀಗೇ" ಎಂದ. ಒಬ್ಬರು ನಕ್ಕರು. ಮತ್ತೆ ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅವನು ಏನೂ ಹೇಳದೆ ಮೆಟ್ಟಿಲಿಳಿದು ಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಇದೇ ನಗುವನ್ನು ನಾನು ಹಿಂದೆ ಒಮ್ಮೆ ನಕ್ಕಿದ್ದೆ. ಅದರ ಕಥೆಯನ್ನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ, ಈಗ ಹೇಳುತ್ತೇನೆ.

ಹದಿನೈದು ವರ್ಷದ ಹಿಂದಿನ ಮಾತು. ಈ ಊರಿನದೇ ಒಂದು ಹೊಟೇಲಿನಲ್ಲಿ ನಾನು ಕ್ಲೀನರ್ ಆಗಿದ್ದೆ. ಇಡ್ಲಿ ಮಾಡುವ ಭಟ್ಟರೊಬ್ಬರಿದ್ದರು. ಒಳ್ಳೆಯ ಕೈ, ಮಾತು ಕಡಿಮೆ. ದೋಸೆಯ ಭಟ್ಟರು ಊರಿಗೆ ಹೋದಾಗ ಧಣಿಗಳು ಇವರನ್ನು ಕಾವಲಿಯ ಮುಂದೆ ನಿಲ್ಲಿಸಿದರು. ಸೆಟ್ ದೋಸೆಯ ಹಿಟ್ಟು ಹುಯ್ದರೆ ಏನಾಗುತ್ತದೆ, ನಿಮಗೆ ಗೊತ್ತು. ಮೈತುಂಬ ತೂತು ಬೀಳುತ್ತದೆ. ತೂತು ಬಿದ್ದರೇ ದೋಸೆ. ಆದರೆ ಆ ತೂತುಗಳು ಒಂದೊಂದಾಗಿ ಬಾಯಿ ಬಿಡುವುದನ್ನು ಕಂಡ ಕೂಡಲೇ ಅವರ ಮೈ ಬೆವರುತ್ತಿತ್ತು. ಮುಖ ತಿರುಗಿಸುವರು, ದೋಸೆ ಸೀದು ಹೋಗುವುದು. ನಾವು ಅದನ್ನು ನಖರಾ ಎಂದೆವು, ಸಂಬಳ ಹೆಚ್ಚಿಸಿಕೊಳ್ಳುವ ಆಟ ಎಂದೆವು. "ತೂತಿನ ಭಟ್ಟ" ಎಂದು ಹೆಸರಿಟ್ಟೆವು. ಒಂದು ದಿನ ನಾನು ಹೂವಿನ ಅಂಗಡಿಯಿಂದ ತಾವರೆಯ ಒಣಗಿದ ಕಾಯಿ ತಂದೆ. ಬೀಜ ಕೂತ ತೂತುಗಳ ಆ ಬಟ್ಟಲು. ಅದನ್ನು ಅವರ ದಿಂಬಿನ ಕೆಳಗಿಟ್ಟೆ. ರಾತ್ರಿ ಅವರು ಕೂಗಿ ಎದ್ದು ಹೊರಗೆ ಓಡಿದರು. ನಾವು ಹೊಟ್ಟೆ ಹಿಡಿದು ನಕ್ಕೆವು. ಬೆಳಿಗ್ಗೆ ನೋಡಿದರೆ ಅವರ ಟ್ರಂಕು ಇರಲಿಲ್ಲ. ಒಂದು ತಿಂಗಳ ಸಂಬಳ ಬಾಕಿ ಇತ್ತು. ಅದನ್ನೂ ಕೇಳದೆ ಹೋಗಿಬಿಟ್ಟಿದ್ದರು.

ಅವರದು ನಖರಾ ಅಲ್ಲವೆಂದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಜೆಫ್ ಕೋಲ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್ ಎಂಬ ಇಬ್ಬರು ಶಾಸ್ತ್ರಜ್ಞರು 2013ರಲ್ಲಿ ಇದೇ ಹೆದರಿಕೆಯ ಮೇಲೆ ಲೇಖನ ಬರೆದಿದ್ದಾರೆ. ಒತ್ತೊತ್ತಾದ ತೂತುಗಳನ್ನು ಕಂಡರೆ ಅನೇಕರಿಗೆ ಮೈ ಜುಮ್ಮೆನ್ನುತ್ತದೆ, ಕೆಲವರಿಗೆ ತಡೆಯಲಾಗುವುದಿಲ್ಲ. ಟ್ರೈಪೋಫೋಬಿಯಾ ಎಂದು ಅದಕ್ಕೆ ಹೆಸರು. ಇಂಥವರಿಗೆ ಯಾವುದನ್ನು ಕಂಡರೆ ಆಗದೆಂದು ಹೇಳುವಾಗ ಎಲ್ಲರೂ ಮೊದಲು ಕೊಡುವ ಉದಾಹರಣೆ ಏನು ಗೊತ್ತೇ? ತಾವರೆಯ ಕಾಯಿ. ಅದನ್ನು ಓದಿದಾಗ ನನಗೆ ಫೋನು ಕೆಳಗಿಡಬೇಕಾಯಿತು.

ಸೋದರರೇ, ಇಂಥ ಹೆದರಿಕೆಗಳು ಎಷ್ಟೋ ಇವೆ. ಕೆಲವರಿಗೆ ಗುಂಡಿ, ಕೆಲವರಿಗೆ ಬೆಕ್ಕು, ಕೆಲವರಿಗೆ ಹಕ್ಕಿಯ ಗರಿ, ಕೆಲವರಿಗೆ ಬೆಲೂನು. ಒಮ್ಮೆ ಗಂಟಲಲ್ಲಿ ತುತ್ತು ಸಿಕ್ಕಿಕೊಂಡವನು ಮುಂದೆ ನುಂಗಲು ಹೆದರಿ ಬರೀ ಗಂಜಿ ಕುಡಿದು ಸೊರಗುವುದುಂಟು. ಪಕ್ಕದಲ್ಲಿ ಮತ್ತೊಬ್ಬ ನಿಂತಿದ್ದರೆ ಮೂತ್ರವೇ ಇಳಿಯದವರುಂಟು. ಹತ್ತು ಜನಕ್ಕೊಂದು ಪಾಯಖಾನೆ ಇರುವ ನಮ್ಮ ಕೋಣೆಗಳಲ್ಲಿ ಅವರ ಪಾಡು ಏನೆಂದು ಯೋಚಿಸಿರಿ.

ಹೆದರಿಕೆ ಯಾರಿಗಿಲ್ಲ? ಎಲ್ಲವೂ ಬೇನೆಯಲ್ಲ. ಬೇನೆ ಎನ್ನಲು ಗುರುತುಗಳಿವೆ. ಅಪಾಯಕ್ಕೆ ಮೀರಿದ ಹೆದರಿಕೆ ಇರಬೇಕು. ಆ ವಸ್ತು ಎದುರಾದಾಗೆಲ್ಲ ಅದು ಬರಬೇಕು. ಅದನ್ನು ತಪ್ಪಿಸಲು ಮನುಷ್ಯ ತನ್ನ ದಾರಿ, ಕೆಲಸ, ಊಟವನ್ನೇ ಬದಲಿಸಬೇಕು. ಸಾಮಾನ್ಯವಾಗಿ ಆರು ತಿಂಗಳಾದರೂ ಹೀಗೆ ನಡೆದಿರಬೇಕು. ಇದು ಹುಚ್ಚಲ್ಲ. ಗುಂಡಿ ತನ್ನನ್ನು ಕಚ್ಚುವುದಿಲ್ಲವೆಂದು ನಮ್ಮ ಹುಡುಗನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಬುದ್ಧಿ ಒಪ್ಪುತ್ತದೆ, ಮೈ ಒಪ್ಪುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕಾಲು ಓಡೆನ್ನುತ್ತದೆ. ಹಾಗಾಗಿ "ಧೈರ್ಯ ತಂದುಕೋ ಮಾರಾಯ" ಎಂದು ಬೆನ್ನು ತಟ್ಟಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಇದು ಎಲ್ಲಿಂದ ಬರುತ್ತದೆ? ಕೆಲವೊಮ್ಮೆ ನಡೆದ ಘಟನೆಯಿಂದ. ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿಗೆ ಖಡಕವಾಸಲೆಯದೂ ನಿಲ್ಲಲಿಲ್ಲ. ಮುಠಾ ನದಿ ದಡದ ಪೇಟೆಗಳಿಗೆ ನುಗ್ಗಿತು. ನಾನು ಈ ಊರಿಗೆ ಬಂದಾಗ ಅದನ್ನು ಹುಡುಗನಾಗಿ ಕಂಡಿದ್ದ ಒಬ್ಬ ಮುದುಕ ಭಟ್ಟರು ನಮ್ಮ ಜೊತೆಗಿದ್ದರು. ಅವರು ಜನ್ಮದಲ್ಲಿ ಮತ್ತೆ ನೆಲಮಹಡಿಯಲ್ಲಿ ಮಲಗಲಿಲ್ಲ. ರಾತ್ರಿ ನಲ್ಲಿಯ ನೀರು ಜೋರಾಗಿ ಬಿದ್ದ ಸದ್ದಾದರೂ ಎದ್ದು ಕೂರುವರು. ನೀರು ಅಂದೇ ಇಳಿದಿತ್ತು. ಅವರ ಮೈಯಿಂದ ಮಾತ್ರ ಇಳಿದಿರಲಿಲ್ಲ.

ಹೆದರಿಕೆಯನ್ನು ಕಲಿಸಬಹುದೆಂದು ಅಮೆರಿಕದ ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ಎಂಬವರು 1920ರಲ್ಲಿ ತೋರಿಸಿದರು. ಸುಮಾರು ಹನ್ನೊಂದು ತಿಂಗಳ ಕೂಸಿಗೆ ಬಿಳಿ ಇಲಿಯನ್ನು ತೋರಿಸುವುದು, ಮುಟ್ಟಲು ಕೈ ಚಾಚಿದಾಗ ಹಿಂದಿನಿಂದ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಬಡಿಯುವುದು. ಕೆಲವು ಸಲ ಹೀಗೆ ಮಾಡಿದ ಮೇಲೆ ಕೂಸು ಇಲಿಯನ್ನು ಕಂಡರೇ ಅಳತೊಡಗಿತು. ಅಷ್ಟೇ ಅಲ್ಲ, ಮೊಲಕ್ಕೆ, ನಾಯಿಗೆ, ತುಪ್ಪಳದ ಕೋಟಿಗೂ ಹೆದರಿತು. ಆ ಹೆದರಿಕೆಯನ್ನು ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಇಂದು ಯಾರೂ ಅಂಥ ಕ್ರೂರ ಪ್ರಯೋಗವನ್ನು ಒಪ್ಪುವುದಿಲ್ಲ. ಆದರೆ ತಾವರೆಕಾಯಿ ಇಟ್ಟ ನಾನು ಅವರನ್ನು ಬೈಯುವ ಹಾಗಿಲ್ಲ.

ಎಲ್ಲ ಹೆದರಿಕೆಗೂ ಇಂಥ ಘಟನೆ ಇರುತ್ತದೆಂದೂ ಅಲ್ಲ. ಕೆಲವು ಮನೆತನದಲ್ಲಿ ಬರುತ್ತವೆ, ಕೆಲವು ಇನ್ನೊಬ್ಬರ ಹೆದರಿಕೆ ನೋಡಿ ಹಿಡಿಯುತ್ತವೆ, ಕೆಲವಕ್ಕೆ ಕಾರಣವೇ ಸಿಗುವುದಿಲ್ಲ.

ಇನ್ನು ಬಿಡಿಸುವ ಮಾತು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ವಿದುಷಿ ಪೀಟರ್ ಎಂಬ ಪುಟ್ಟ ಹುಡುಗನ ಕಥೆ ಬರೆದರು. ಅವನಿಗೆ ಮೊಲ ಕಂಡರೆ ಹೆದರಿಕೆ. ಹತ್ತಿ ಕಂಡರೂ ಹೆದರಿಕೆ. ಆಕೆ ಮಾಡಿದ ಮದ್ದು ನಮ್ಮ ಕಸುಬಿನದೇ: ತಿಂಡಿ! ಹುಡುಗ ತನಗೆ ಇಷ್ಟವಾದುದನ್ನು ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಡುವುದು. ಅವನು ಸುಮ್ಮನೆ ತಿನ್ನುತ್ತಿದ್ದರೆ ಮಾತ್ರ ಇನ್ನಷ್ಟು ಹತ್ತಿರ ತರುವುದು. ಮೊಲಕ್ಕೆ ಹೆದರದ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಮೊಲ ಅವನ ಬೆರಳನ್ನು ಮೆಲ್ಲಿದರೂ ಅವನು ಹೆದರಲಿಲ್ಲ. ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆ ಇದೇ ದಾರಿಯನ್ನು ದೊಡ್ಡವರಿಗೂ ಹೊಂದಿಸಿ 1958ರಲ್ಲಿ ಪುಸ್ತಕ ಬರೆದರು. ಇಂದಿಗೂ ವೈದ್ಯರು ನಡೆಯುವುದು ಹೆಚ್ಚುಕಡಿಮೆ ಆ ದಾರಿಯಲ್ಲೇ: ಏಣಿ ಹತ್ತಿದ ಹಾಗೆ, ಒಂದೊಂದೇ ಮೆಟ್ಟಿಲು.

ನಮ್ಮ ಹುಡುಗನಿಗೆ ಆ ಏಣಿ ಹೇಗಿರಬಹುದು? ಮೊದಲು ಗುಂಡಿಯ ಚಿತ್ರ. ಆಮೇಲೆ ಕೋಣೆಯ ಆಚೆ ಮೂಲೆಯಲ್ಲಿ ಒಂದೇ ಗುಂಡಿ. ಆಮೇಲೆ ಮೇಜಿನ ಮೇಲೆ. ಆಮೇಲೆ ಬೆರಳ ತುದಿಯಲ್ಲಿ. ಪ್ರತಿ ಮೆಟ್ಟಿಲಲ್ಲೂ ಎದೆಯ ಬಡಿತ ಇಳಿಯುವವರೆಗೆ ನಿಲ್ಲಬೇಕು. ಓಡಿ ಹೋದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಓಡಿದ್ದಕ್ಕೇ ಬದುಕಿದೆ ಎಂದು ಮೈ ಕಲಿಯುತ್ತದೆ, ಹೆದರಿಕೆ ಇನ್ನೂ ಬೇರು ಬಿಡುತ್ತದೆ. ನಿಂತರೆ ಬೇರೆ ಪಾಠ ಕಲಿಯುತ್ತದೆ. ಒಂದು ಮಾತು ನೆನಪಿಡಿ: ಯಾವಾಗ ಏರಬೇಕೆಂದು ಹೇಳುವವನು ಹೆದರಿದವನೇ. ನೀವು ತಳ್ಳಿದರೆ ಅದು ಏಣಿಯಲ್ಲ, ತಾವರೆಕಾಯಿ.

ರಕ್ತ ಕಂಡರೆ ತಲೆ ತಿರುಗಿ ಬೀಳುವವರದು ಬೇರೆ ಜಾತಿ. ಅಡುಗೆಮನೆಯಲ್ಲಿ ಬೆರಳು ಕೊಯ್ದಾಗ ಕೊಯ್ದವನಿಗಿಂತ ನೋಡಿದವನು ಬೀಳುವುದನ್ನು ನೀವೂ ಕಂಡಿದ್ದೀರಿ. ಉಳಿದ ಹೆದರಿಕೆಗಳಲ್ಲಿ ರಕ್ತದ ಒತ್ತಡ ಏರುತ್ತದೆ, ಇದರಲ್ಲಿ ಮೊದಲು ಏರಿ ಆಮೇಲೆ ತಟ್ಟನೆ ಇಳಿಯುತ್ತದೆ. ಇದಕ್ಕೆ ಸ್ವೀಡನ್ನಿನ ಲಾರ್ಸ್ ಓಸ್ತ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಒಂದು ಉಪಾಯ ತೋರಿಸಿದರು. ಕೂತುಕೊಂಡು ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿ ಹಿಡಿಯುವುದು, ಮುಖ ಬೆಚ್ಚಗಾದಾಗ ಸಡಿಲಿಸುವುದು, ಸ್ವಲ್ಪ ತಡೆದು ಮತ್ತೆ ಬಿಗಿ ಹಿಡಿಯುವುದು. ಒತ್ತಡ ಬೀಳುವುದು ತಪ್ಪುತ್ತದೆ. ಹೃದಯದ ಬೇನೆ ಇದ್ದವರು, ಬಿ.ಪಿ. ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಇಲ್ಲಿ ಸಂಘದವನಾಗಿ ಒಂದು ಎಚ್ಚರಿಕೆ ಹೇಳಬೇಕು. ನಾಳೆ ಯಾರಾದರೂ ಮಾಲೀಕರು ಈ ಮಾತನ್ನೇ ತಿರುಗಿಸಿಯಾರು. ಗ್ಯಾಸ್ ಸೋರುವ ಸಿಲಿಂಡರಿನ ಹತ್ತಿರ ಹೋಗಲಾರೆನೆಂದರೆ, ವೈರು ಹರಿದ ಗ್ರೈಂಡರ್ ಮುಟ್ಟಲಾರೆನೆಂದರೆ, ಕಾಪು ಇಲ್ಲದ ಯಂತ್ರದಲ್ಲಿ ಕೈ ಹಾಕಲಾರೆನೆಂದರೆ ಅದು ಮನಸ್ಸಿನ ಬೇನೆಯಲ್ಲ, ಬುದ್ಧಿ. ಅಲ್ಲಿ ರಿಪೇರಿ ಆಗಬೇಕಾದ್ದು ಸಿಲಿಂಡರು, ಕೆಲಸಗಾರನಲ್ಲ.

ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ಊರಿನ ದೈವಕ್ಕೆ ಹರಕೆ ಹೊರಿ, ದಾರ ಕಟ್ಟಿಸಿಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ಜೊತೆಗೆ ಡಾಕ್ಟರನ್ನೂ ನೋಡಿ. ಆದರೆ ಹೆದರಿಕೆ ಮರೆಯಲು ಬಾಟಲಿ ಹಿಡಿಯಬೇಡಿ. ಆಮೇಲೆ ಬಿಡಿಸಬೇಕಾದ ಬೇನೆ ಎರಡಾಗುತ್ತವೆ. ನಮ್ಮ ಸಸೂನ್ ಆಸ್ಪತ್ರೆಯಲ್ಲಿ ಮನೋರೋಗದ ವಿಭಾಗವಿದೆ. ಇ.ಎಸ್.ಐ. ಕಾರ್ಡು ಇದ್ದವರು ಅಲ್ಲಿನ ಡಾಕ್ಟರಿಗೆ ಹೇಳಿ ಮುಂದಿನ ಚೀಟಿ ಕೇಳಿ. ಮರಾಠಿಯಲ್ಲಿ ಮನಸ್ಸಿನ ಮಾತು ಹೇಳಲು ಬಾರದವರು 14416ಕ್ಕೆ ಫೋನು ಮಾಡಬಹುದು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸೇವೆ. ಕಾಸು ಬೇಡ, ರಾತ್ರಿ ಹಗಲು ಎನ್ನದೆ ನಡೆಯುತ್ತದೆ, ಕನ್ನಡದಲ್ಲೂ ಮಾತಾಡಬಹುದು. ರಾತ್ರಿ ಹನ್ನೆರಡಕ್ಕೆ ಕೆಲಸ ಮುಗಿಸುವವನಿಗೂ ಅದು ತೆರೆದ ಬಾಗಿಲು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನಸ್ಸಿನ ಬೇನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು. ಬೇಡುವುದಲ್ಲ, ಕೇಳುವುದು.

ಇನ್ನು ನಮ್ಮ ಹುಡುಗನ ಪ್ರಶ್ನೆ. ಸಮಿತಿಯ ಮುಂದೆ ನನ್ನ ಸೂಚನೆ ಇಷ್ಟು. ಮೊದಲನೆಯದು, ನಾಳೆಯೇ ಇಬ್ಬರು ಅವನ ಕೋಣೆಗೆ ಹೋಗಿ ನಕ್ಕದ್ದಕ್ಕೆ ಕ್ಷಮೆ ಕೇಳಬೇಕು. ಆ ಇಬ್ಬರಲ್ಲಿ ನಾನೊಬ್ಬ. ಎರಡನೆಯದು, ಮಾಲೀಕರನ್ನು ಕಂಡು ಅವನಿಗೆ ಅದೇ ಬಣ್ಣದ ಗುಂಡಿಯಿಲ್ಲದ ಟೀ ಶರ್ಟು ಕೊಡಿಸಬೇಕು, ಎಂಟು ದಿನದ ಸಂಬಳವನ್ನೂ ಕೇಳಬೇಕು. ಒಂದು ಅಂಗಿಗಿಂತ ನಾಲ್ಕು ವರ್ಷ ಪಳಗಿದ ಸಪ್ಲಾಯರ್ ದುಬಾರಿ ಎಂಬ ಲೆಕ್ಕ ಅವರಿಗೂ ಬರುತ್ತದೆ. ಮೂರನೆಯದು, ಅವನು ಒಪ್ಪಿದರೆ ಡಾಕ್ಟರ ಹತ್ತಿರ ಜೊತೆಗೆ ಹೋಗಲು ಸಂಘದಿಂದ ಒಬ್ಬರು ರಜೆ ಹಾಕಬೇಕು. ಟೀ ಶರ್ಟು ಇಂದಿನ ಅನ್ನಕ್ಕೆ. ಡಾಕ್ಟರು ನಾಳೆಯ ಬದುಕಿಗೆ. ಎರಡೂ ಬೇಕು.

ಕಡೆಯ ಮಾತು. ಈ ಭಾಷಣ ನಮ್ಮ ಪತ್ರಿಕೆಯಲ್ಲಿ ಅಚ್ಚಾಗುತ್ತದಂತೆ. ಪತ್ರಿಕೆ ಬೇರೆ ಊರಿನ ಹೊಟೇಲುಗಳಿಗೂ ಹೋಗುತ್ತದೆ. ಹದಿನೈದು ವರ್ಷದ ಹಿಂದೆ ಪುಣೆಯಿಂದ ಟ್ರಂಕು ಹೊತ್ತು ರಾತ್ರೋರಾತ್ರಿ ಹೊರಟ ಇಡ್ಲಿ ಭಟ್ಟರು ನಿಮ್ಮಲ್ಲಿ ಯಾರ ಜೊತೆಯಲ್ಲಾದರೂ ಇದ್ದರೆ ದಯವಿಟ್ಟು ಅವರಿಗೆ ತಿಳಿಸಿ: ದಿಂಬಿನ ಕೆಳಗೆ ಕಾಯಿ ಇಟ್ಟ ಕ್ಲೀನರ್ ಹುಡುಗ ಸಂಘದ ಕಚೇರಿಯಲ್ಲಿ ಸಿಗುತ್ತಾನೆ, ಆ ತಿಂಗಳ ಸಂಬಳವನ್ನು ತನ್ನ ಕೈಯಿಂದ ಕೊಡಲು ಕಾದಿದ್ದಾನೆ.