ಜಗಲಿಯ ಅಂಗಡಿಗೆ ಮರದ ಸರಕು
(ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲದಲ್ಲಿ ಮಲೆನಾಡಿನ ಮಕ್ಕಳಿಗೆ ಜಗಲಿಯೇ ಜಗತ್ತು. ಅಂಗಳಕ್ಕೆ ಇಳಿಯಲಾಗದ ಆ ದಿನಗಳಲ್ಲಿ ನಾಲ್ಕೈದು ವರ್ಷದ ಮಗು ಒಂದು ಮಣೆಯನ್ನು ಅಡ್ಡವಿಟ್ಟು ಅದರ ಹಿಂದೆ ಕುಳಿತಿತೆಂದರೆ ಅಂಗಡಿ ತೆರೆದಂತೆಯೇ ಸರಿ. ಎರಡು ಗೆರಟೆ, ಒಂದು ಕೋಲು, ಬಾಳೆನಾರಿನ ಆರು ಎಳೆ ಸೇರಿದರೆ ತಕ್ಕಡಿ. ಹಲಸಿನ ಎಲೆ ನೋಟು, ಹುಣಿಸೆ ಬೀಜ ಚಿಲ್ಲರೆ. ಗಿರಾಕಿಯಾಗಿ ಬಂದ ಅಜ್ಜಿಗೆ ಸಾಲವಿಲ್ಲವೆಂದು ಹೇಳುವ ಗತ್ತು ಮಾತ್ರ ಎಲ್ಲಿಂದ ಬರುತ್ತದೋ ತಿಳಿಯದು.

ಈಗ ಈ ಅಂಗಡಿಯೇ ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯುತ್ತದೆ. ಪ್ಲಾಸ್ಟಿಕ್ಕಿನ ತರಕಾರಿ, ಗುಂಡಿ ಒತ್ತಿದರೆ ಕೂಗುವ ಗಲ್ಲಾಪೆಟ್ಟಿಗೆ. ಇದನ್ನು ಬೇಡವೆನ್ನುವ ಪೋಷಕರು ಮರದ ಆಟಿಕೆಯತ್ತ ತಿರುಗುತ್ತಿರುವುದು ಸಂತೋಷದ ಸಂಗತಿ. ಆದರೆ 'ಮರದ್ದು' ಎಂಬ ಒಂದೇ ಮಾತಿಗೆ ಮರುಳಾಗುವುದು ತರವಲ್ಲ. ಯಾವ ಮರ, ಯಾವ ಬಣ್ಣ, ಯಾವ ಅಂಟು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಕೊಂಡ ಮರದ ಆಟಿಕೆ ಪ್ಲಾಸ್ಟಿಕ್ಕಿಗಿಂತ ಉತ್ತಮವೆನ್ನಲು ಆಧಾರವಿಲ್ಲ.

2007ರ ಜೂನ್ ತಿಂಗಳಲ್ಲಿ ಅಮೆರಿಕದ ಆರ್‌ಸಿ2 ಎಂಬ ಕಂಪನಿ ಚೀನಾದಲ್ಲಿ ತಯಾರಾದ 'ಥಾಮಸ್' ಮಾಲಿಕೆಯ ಸುಮಾರು 15 ಲಕ್ಷ ರೈಲು ಆಟಿಕೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅವೆಲ್ಲ ಅಪ್ಪಟ ಮರದ ಆಟಿಕೆಗಳು. ದೋಷವಿದ್ದುದು ಬಣ್ಣದಲ್ಲಿ, ಅದರಲ್ಲಿ ಸೀಸವಿತ್ತು. ಸೀಸವು ಮಗುವಿನ ಮಿದುಳಿನ ಬೆಳವಣಿಗೆಗೆ ಕುಂದು ತರುವ ವಿಷವೆಂಬುದೂ, ಇಷ್ಟರವರೆಗೆ ಹಾನಿಯಿಲ್ಲವೆನ್ನಬಹುದಾದ ಪ್ರಮಾಣ ಅದಕ್ಕೆ ಇಲ್ಲವೆಂಬುದೂ ವೈದ್ಯಲೋಕ ಒಪ್ಪಿದ ಮಾತು. ಅಂಗಡಿಯಾಟದಲ್ಲಿ ಹಣ್ಣನ್ನು ಮಾರಿದ ಮೇಲೆ ಅದನ್ನು 'ತಿನ್ನುವುದೂ' ಉಂಟಷ್ಟೆ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ ರೂಪುಗೊಂಡದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಆಟಿಕೆ ಅಟ್ಟದಿಂದ ಇಳಿದುಬಂದರೆ ಎಷ್ಟೇ ಮಮತೆಯಿದ್ದರೂ ಗಾಜಿನ ಕಪಾಟಿನಲ್ಲಿಡುವುದು ಲೇಸು.

ಇನ್ನು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅಗ್ಗದ ಅಂಗಡಿ ಕಟ್ಟೆಗಳು ಬಹುಪಾಲು ಇದರಿಂದಲೇ ಆಗುತ್ತವೆ. ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಸೂಸುವ ಸಾಧ್ಯತೆ ಒಂದೆಡೆ. ಆಷಾಢದ ತೇವಕ್ಕೆ ಅಂಚು ಊದಿ ಸಿಪ್ಪೆಯೇಳುವುದು ಇನ್ನೊಂದೆಡೆ. ಘಟ್ಟದ ಮೇಲಿನ ಮನೆಗೆ ಇದು ಸಲ್ಲದು.

ಹಾಗಾದರೆ ಯಾವ ಮರ? ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದ ಕುಶಲಕರ್ಮಿಗಳು ತಲೆಮಾರುಗಳಿಂದ ನೆಚ್ಚಿರುವುದು ಆಲೆ ಮರವನ್ನು. ಕೆಲವೆಡೆ ಇದಕ್ಕೆ ಹಾಲೆಯೆಂದೂ ಹೆಸರು. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ಮಲೆನಾಡು ಕರಾವಳಿಗಳ ಜನ ಆಟಿ ಅಮಾವಾಸ್ಯೆಯಂದು ತೊಗಟೆಯ ರಸ ಕುಡಿಯುವ ಹಾಲೆ ಬೇರೆಯದು, ಅದು ಸಪ್ತಪರ್ಣಿ. ಎರಡೂ ಒಂದೇ ಕುಟುಂಬದವು, ಎರಡರಲ್ಲೂ ಹಾಲು ಒಸರುತ್ತದೆ, ಗೊಂದಲಕ್ಕೆ ಅದೇ ಕಾರಣ. ಸಪ್ತಪರ್ಣಿಯ ಹಲಗೆಯನ್ನು ಹಿಂದೆ ಶಾಲೆಯ ಮಕ್ಕಳ ಬರೆಯುವ ಪಾಟಿಗೆ ಬಳಸುತ್ತಿದ್ದುದರಿಂದ ಅದರ ಲ್ಯಾಟಿನ್ ಹೆಸರಿನಲ್ಲಿಯೇ ವಿದ್ಯಾರ್ಥಿ ಸೇರಿಕೊಂಡಿದ್ದಾನೆ.

ಆಲೆಯ ಕಟ್ಟಿಗೆ ದಂತದಂತೆ ಬಿಳುಪು, ನಯವಾದ ಎಳೆ, ಸಿಬಿರು ಕಡಿಮೆ. ಒಣ ಎಲೆಯುದುರುವ ಕಾಡಿನ ಈ ಚಿಕ್ಕ ಮರವನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೊಲದ ಬದುವಿನಲ್ಲಿಯೂ ಬೆಳೆಸಬಹುದು. ಒಂದು ಆಟಿಕೆಗೆ ಬೇಕಾದ್ದು ತೋಳಿನ ಗಾತ್ರದ ಕೊಂಬೆ ಮಾತ್ರ. ಮಗುವಿನ ಗಲ್ಲಾಪೆಟ್ಟಿಗೆಗಾಗಿ ನೂರು ವರ್ಷದ ಬೀಟೆ ಬೀಳುವುದರಲ್ಲಿ ಯಾವ ನ್ಯಾಯವೂ ಇಲ್ಲ. ಹಾಲು ಬತ್ತಿ ಕಡಿಯಲ್ಪಡುವ ಮುದಿ ರಬ್ಬರ್ ಮರವೂ ಒಳ್ಳೆಯ ಆಯ್ಕೆಯೇ. ಆದರೆ ಕಾಡು ಸವರಿ ರಬ್ಬರ್ ನೆಟ್ಟ ಗುಡ್ಡಗಳ ಕಥೆ ಬಲ್ಲವರಿಗೆ ಅದನ್ನು ಹಸಿರು ಮರವೆಂದು ಹೊಗಳುವ ಜಾಹೀರಾತು ಸ್ವಲ್ಪ ನಗು ತರಿಸೀತು.

ಚನ್ನಪಟ್ಟಣದ ನಿಜವಾದ ವಿಶೇಷ ಅರಗು. ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆಗೊಂಬೆಗಳಲ್ಲಿ ನೆಲೆಸುವ ಅರಗಿನ ಕೀಟದ ಸ್ರಾವವಿದು. ದೇಶದಲ್ಲಿ ಹೆಚ್ಚಾಗಿ ಬರುವುದು ಜಾರ್ಖಂಡ್, ಛತ್ತೀಸಗಡಗಳಿಂದ. ಅದನ್ನು ಕಾಯಿಸಿ, ಬಣ್ಣ ಬೆರೆಸಿ, ಹಿಗ್ಗಿಸಿ ನಾದಿ ಕಡ್ಡಿ ಮಾಡುತ್ತಾರೆ. ಚರಕಿಯಲ್ಲಿ ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಗೆಯ ಗರಿಯಿಂದ ಒತ್ತಿದರೆ ಹೊಳಪು ಏಳುತ್ತದೆ. ಕುಂಚವಿಲ್ಲ, ತೆಳುಗೊಳಿಸುವ ರಾಸಾಯನಿಕ ದ್ರವವಿಲ್ಲ. ಅರಗು ಔಷಧದ ಮಾತ್ರೆಗಳ ಹೊದಿಕೆಗೂ ಬಳಕೆಯಾಗುವ ವಸ್ತು. ಆದರೆ ಅರಗು ನಿರಪಾಯವೆಂದ ಮಾತ್ರಕ್ಕೆ ಅದರೊಳಗಿನ ಬಣ್ಣ ನಿರಪಾಯವಾಗದು. ಅರಿಸಿನದ ಹಳದಿ, ನೀಲಿಗಿಡದ ನೀಲಿ, ಕಾಚಿನ ಕಂದು ಬಳಸುವವರೂ ಇದ್ದಾರೆ. ಪೇಟೆಯ ಪುಡಿ ಬಣ್ಣ ಬೆರೆಸುವವರೂ ಇದ್ದಾರೆ. ಕಣ್ಣು ಕುಕ್ಕುವ ಗುಲಾಬಿ, ಹೊಳೆಯುವ ಹಸಿರು ಕಂಡರೆ ಕೇಳಿ ತಿಳಿಯಬೇಕು. ಸಾವಂತವಾಡಿಯ ಮರದ ಹಣ್ಣುಗಳಿಗೂ ಇದೇ ಮಾತು. ಅವುಗಳ ಮಾವು, ಸೀತಾಫಲ ನೋಡಿದರೆ ಕಚ್ಚಬೇಕೆನಿಸುತ್ತದೆ, ತೊಂದರೆಯಿರುವುದೂ ಅಲ್ಲಿಯೇ. ಬಹಳಷ್ಟು ಅಲಂಕಾರಕ್ಕೆಂದು ಮಾಡಿದವು.

ಕಾನೂನಿನ ನೆರವೂ ಉಂಟು. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸಿತು. ನೋಂದಾಯಿತ ಕರಕುಶಲಿಗಳಿಗೂ, ಚನ್ನಪಟ್ಟಣದಂತೆ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೂ ಅದರಿಂದ ವಿನಾಯಿತಿ ದೊರೆಯಿತು. ಸಣ್ಣ ಚರಕಿಗಳು ಉಳಿಯಲು ಅದು ಬೇಕಿತ್ತು. ಹಾಗಾಗಿ ಗುರುತಿಲ್ಲದ್ದೆಲ್ಲ ಕೆಟ್ಟದ್ದಲ್ಲ; ವಿಚಾರಿಸುವ ಹೊಣೆ ಮಾತ್ರ ಕೊಳ್ಳುವವರ ಮೇಲೆ ಬೀಳುತ್ತದೆ.

ಗಾತ್ರದ ವಿಚಾರದಲ್ಲಿ ರಿಯಾಯಿತಿ ಸಲ್ಲದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಚೂರುಗಳನ್ನು ಪರೀಕ್ಷಿಸುವ ಕೊಳವೆಯ ಅಡ್ಡಳತೆ 31.7 ಮಿಲಿಮೀಟರ್. ಸುಲಿದ ಅಡಿಕೆ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಅಂಗಡಿಯಿಡುವ ಅಕ್ಕನ ಪಕ್ಕದಲ್ಲಿ ಅಂಬೆಗಾಲಿನ ತಮ್ಮನಿದ್ದರೆ ಅಂಥ ಸರಕು ಬೇಡ. ಗುಲಗಂಜಿಯಂತೂ ಬೇಡವೇ ಬೇಡ. ಅಕ್ಕಸಾಲಿಗರ ತೂಕದ ಬೀಜವೆಂದು ತಕ್ಕಡಿಯಾಟಕ್ಕೆ ತರುವವರಿದ್ದಾರೆ; ಬೀಜ ಜಗಿದರೆ ಹೊರಬರುವ ವಿಷ ಮಗುವಿನ ಜೀವವನ್ನೇ ತೆಗೆಯಬಲ್ಲದು. ಹರಳು ಬೀಜವೂ ಹಾಗೆಯೇ.

ಸರಕು ಎಷ್ಟಿರಬೇಕು? ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಕೋಲು ಮಗುವಿಗೆ ಕುದುರೆಯಾಗುವ ಬಗೆಯನ್ನು ವಿವೇಚಿಸಿದ್ದರು. ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುವ ಮೊದಲ ಹೆಜ್ಜೆ ಅದು. ಚಿಪ್ಪಿನ ಗೆರೆ, ತೊಟ್ಟಿನ ಬಣ್ಣ ಎಲ್ಲವೂ ಮೂಡಿದ ಸೇಬು ಸೇಬಲ್ಲದೆ ಬೇರೇನೂ ಆಗದು. ಬಣ್ಣವಿಲ್ಲದ ಮರದ ಬಳೆ ಬೆಳಿಗ್ಗೆ ಉದ್ದಿನವಡೆ, ಮಧ್ಯಾಹ್ನ ಸೈಕಲ್ಲಿನ ಗಾಲಿ. ಹತ್ತು ಹನ್ನೆರಡು ಬಳೆ, ಗುಂಡು, ಕೊಳವೆಗಳು ಸಾಕು. ಹಣ ಖರ್ಚು ಮಾಡುವುದಿದ್ದರೆ ತಕ್ಕಡಿಗೆ ಮಾಡಬೇಕು: ನಡುದಂಡ ನೆಟ್ಟಗಿರುವ, ಸಮತೂಕದಲ್ಲಿ ನಿಲ್ಲುವ ತಕ್ಕಡಿ. ಜತೆಗೆ ಕಡೆದ ಪಾವು, ಸೇರುಗಳು ಸಿಕ್ಕರಂತೂ ನಾಲ್ಕು ಪಾವು ಸುರಿದರೆ ಸೇರು ತುಂಬುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಊರಿನ ಬಡಗಿ ಹಲಸಿನ ಚೂರಿನಿಂದ ಇದನ್ನು ಮಾಡಿಕೊಟ್ಟಾನು, ಕೇಳುವವರಿರಬೇಕಷ್ಟೆ.

ಕೊನೆಯದಾಗಿ ಆರೈಕೆ. ಅರಗಿನ ಆಟಿಕೆಯನ್ನು ನೀರಿನಲ್ಲಿ ನೆನೆಸಬಾರದು, ಹೊಳಪು ಬೆಳ್ಳಗಾಗುತ್ತದೆ. ಹಿಂಡಿದ ಬಟ್ಟೆಯಿಂದ ಒರೆಸಿದರಾಯಿತು. ಬಿಸಿನೀರು, ಸ್ಯಾನಿಟೈಸರ್ ಎರಡೂ ಅರಗಿಗೆ ಆಗದು. ಶ್ರಾವಣದಲ್ಲಿ ಬೂಷ್ಟು ಕಂಡರೆ ಒರೆಸಿ, ಒಲೆಯಿಂದ ದೂರದ ಬೆಚ್ಚನೆಯ ಗಾಳಿಯಲ್ಲಿ ಎರಡು ದಿನ ಹರಡಿಡಬೇಕು. ಆ ಎರಡು ದಿನ ಅಂಗಡಿಗೆ ರಜೆಯೆಂದು ಅಂಗಡಿಯವರಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು.