ಗುರು ಲಘು ಬಲ್ಲ ಕಿವಿ
(ಶತಮಾನೋತ್ಸವದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರುಷ ತುಂಬಿದ ಈ ವಿದ್ಯಾಮಂದಿರದಲ್ಲಿ ಅಕ್ಷರ ಕಲಿತವನು ನಾನು. ಕಾಸರಗೋಡಿನ ಕನ್ನಡಿಗ ಹೆತ್ತವರನ್ನು ಇಂದು ಕಾಡುವ ಪ್ರಶ್ನೆ ಒಂದೇ: ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಒಲಿದೀತೇ? ಕಾಲೇಜಿನ ಮೊದಲ ವರ್ಷ ನಾನು ‘ವೆಡ್‌ನೆಸ್‌ಡೇ’ ಎಂದು ಓದಿದಾಗ ತರಗತಿಯೇ ನಕ್ಕಿತ್ತು. ಆ ಸಂಕೋಚದಿಂದ ತಿಂಗಳುಗಟ್ಟಲೆ ಬಾಯಿ ತೆರೆಯಲಿಲ್ಲ. ಮುಂದೆ ಇಂಗ್ಲಿಷ್ ಅಧ್ಯಾಪಕನಾದ ಮೇಲೆ ತಿಳಿಯಿತು, ನನ್ನಲ್ಲಿ ಕೊರತೆಯಾಗಿದ್ದುದು ಬುದ್ಧಿಯಲ್ಲ, ಪದವನ್ನು ಬಿಡಿಸುವ ಕ್ರಮ.

ಇಂಗ್ಲಿಷ್ ಪದದಲ್ಲಿ ಕಿವಿಗೆ ಕೇಳುವ ಸ್ವರಗಳೆಷ್ಟೋ ಉಚ್ಚಾರಾಂಶಗಳೂ ಅಷ್ಟೇ. ‘ಕೇಕ್’ ಎಂಬಲ್ಲಿ ಬರೆಯುವ ಸ್ವರಾಕ್ಷರ ಎರಡು, ಕೇಳುವುದು ಒಂದು. ನಮ್ಮ ‘ಬಸ್ಸು’ ಎರಡು ಅಂಶಗಳದ್ದು, ಅವರ ‘ಬಸ್’ ಒಂದೇ.

‘ಪುಸ್ತಕ’ವನ್ನು ನಾವು ಪು-ಸ್ತ-ಕ ಎಂದು ಬರೆಯುತ್ತೇವೆ. ಆದರೂ ಛಂದಸ್ಸು ಕಲಿತ ಮಗು ‘ಪು’ವಿಗೆ ಗುರು ಹಾಕುತ್ತದೆ. ಏಕೆಂದರೆ ನುಡಿಯುವಾಗ ಸಕಾರವು ಹಿಂದಕ್ಕೆ ಸೇರಿ ಪುಸ್-ತ-ಕ ಎಂದಾಗುತ್ತದೆ. ನಾಗವರ್ಮನ ‘ಛಂದೋಂಬುಧಿ’ ಹುಟ್ಟಿದ ನುಡಿಯಲ್ಲಿ ಪಳಗಿದ ಈ ಕಿವಿಗೆ ವಿನ್-ಟರ್, ನ್ಯಾಪ್-ಕಿನ್ ಹೊಸತಲ್ಲ.

ಕಾಗುಣಿತಕ್ಕೂ ಇದು ಕೀಲಿಕೈ. ‘ಸೂಪರ್’ ಪದದ ಮೊದಲ ಅಂಶ ‘ಯು’ ಅಕ್ಷರಕ್ಕೇ ಮುಗಿದು ತೆರೆದಿರುತ್ತದೆ, ಸ್ವರ ದೀರ್ಘ. ರಾತ್ರಿಯೂಟವೆಂಬ ಅರ್ಥದ ‘ಸಪ್ಪರ್’ ಪದದಲ್ಲಿ ‘ಪಿ’ ಎರಡು. ಮೊದಲನೆಯದು ಬಾಗಿಲು ಮುಚ್ಚುತ್ತದೆ, ಸ್ವರ ಹ್ರಸ್ವ. ಬರೆಯುವುದು ಎರಡಾದರೂ ಇಂಗ್ಲಿಷಿನಲ್ಲಿ ನುಡಿಯುವುದು ಒಂದೇ ಪಕಾರ. ಅಪವಾದಗಳುಂಟು, ಆದರೆ ಕುರುಡಾಗಿ ಬಾಯಿಪಾಠ ಮಾಡುವುದಕ್ಕಿಂತ ಇದು ಲೇಸು.

ಒಂದನ್ನು ಮಾತ್ರ ನಮ್ಮ ಛಂದಸ್ಸು ಕಲಿಸದು: ಇಂಗ್ಲಿಷಿನ ಒತ್ತು. ‘ಫೋಟೋಗ್ರಾಫ್’ ಎಂಬಲ್ಲಿ ಅದು ಮೊದಲ ಅಂಶಕ್ಕೆ, ‘ಫೊಟಾಗ್ರಫಿ’ ಎಂಬಲ್ಲಿ ಎರಡನೆಯದಕ್ಕೆ ಬೀಳುತ್ತದೆ. ಅದನ್ನು ಕೇಳಿಯೇ ಕಲಿಯಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಕೇಳಿ ಕಲಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂದು ನಗೆಪಾಟಲಾದ ‘ವೆಡ್-ನೆಸ್-ಡೇ’ಯನ್ನು ಇಂದು ನಾನೇ ಮಕ್ಕಳಿಗೆ ಕಲಿಸುತ್ತೇನೆ: ಬರೆಯುವಾಗ ಮನಸ್ಸಿನಲ್ಲಿ ಮೂರು ತುಂಡು, ನುಡಿಯುವಾಗ ‘ವೆನ್ಸ್-ಡೇ’ ಎಂದು ಎರಡೇ. ತಪ್ಪೆನಿಸಿದ್ದೇ ಕಾಗುಣಿತಕ್ಕೆ ದಾರಿಯಾಯಿತು.

ಹೆತ್ತವರೇ, ಇಂಗ್ಲಿಷಿಗಾಗಿ ಕನ್ನಡವನ್ನು ಬಿಡಿಸಬೇಡಿ, ಪದವನ್ನು ಬಿಡಿಸಲು ಕಲಿಸಿ. ಶಾಲೆಗೆ ಇನ್ನೂ ನೂರು ತುಂಬಲಿ.