ಒಂದು ಹನಿ ರಕ್ತದ ಲೆಕ್ಕ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಹುಟ್ಟುವಾಗ ಚೆನ್ನಾಗಿದ್ದ ಮಗು ವರುಷ ತುಂಬುವುದರೊಳಗೆ ಮಂಕಾಗುತ್ತದೆ. ಕೂರುವುದಿಲ್ಲ, ಮಾತಾಡುವುದಿಲ್ಲ, ಕರೆದರೆ ತಿರುಗುವುದಿಲ್ಲ. ನಾವು ಹಣೆಬರಹ ಎನ್ನುತ್ತೇವೆ, ಗ್ರಹಚಾರ ಎನ್ನುತ್ತೇವೆ. ಕೊನೆಗೆ ಹೆತ್ತವಳ ಮೇಲೆ ದೂರು ಹೊರಿಸುತ್ತೇವೆ. ಇಂಥ ಮಂಕಿಗೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮನುಷ್ಯರು ಪತ್ತೆಹಚ್ಚಿ ತಡೆದ ಕಥೆಯನ್ನು ಇಂದು ಹೇಳುತ್ತೇನೆ.

ಆ ರೋಗದ ಹೆಸರು ಫೀನೈಲ್‌ಕೀಟೋನೂರಿಯಾ. ೧೯೩೪ರಲ್ಲಿ ನಾರ್ವೆ ದೇಶದ ಆಸ್ಲೋದಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳ ಮೂತ್ರಕ್ಕೆ ವಿಚಿತ್ರ ವಾಸನೆ ಏಕೆ ಎಂದು ವೈದ್ಯರನ್ನು ಕೇಳುತ್ತ ಅಲೆದಳು. ಕೊನೆಗೆ ಡಾ. ಆಸ್‌ಬ್ಯೋರ್ನ್ ಫೋಲಿಂಗ್ ಅವಳ ಮಾತಿಗೆ ಕಿವಿಗೊಟ್ಟರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಬೇರೆ ೪೩೦ ಮಂದಿಯನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಅದೇ ಹಸಿರು ಕಂಡಿತು.

ಒಳಗೆ ಆಗುವುದೇನು? ಹಾಲು, ಬೇಳೆ, ಮೊಟ್ಟೆ, ಮಾಂಸಗಳಲ್ಲಿ ಫೀನೈಲ್ ಅಲನೀನ್ ಎಂಬ ಅಂಶವಿದೆ. ಆರೋಗ್ಯವಂತರ ಪಿತ್ತಜನಕಾಂಗ ಅದನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ; ಈ ಮಕ್ಕಳಲ್ಲಿ ಆ ಕೆಲಸ ನಡೆಯದು. ಹಿಂದಿನ ಖಾತೆ ಹತ್ತಿ ಕಳಿಸುತ್ತಲೇ ಇದ್ದು ಮುಂದಿನ ಖಾತೆಯ ಯಂತ್ರ ನಿಂತರೆ ನಡುವೆ ರಾಶಿ ಬೀಳುವುದಿಲ್ಲವೆ? ಹಾಗೆಯೇ ಅದು ರಕ್ತದಲ್ಲಿ ಕೂಡಿಕೊಂಡು ಬೆಳೆಯುವ ಮೆದುಳನ್ನು ಕೆಡಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ರೋಗ. ತಾಯಿಯೊಬ್ಬಳನ್ನೇ ದೂರುವುದು ಅನ್ಯಾಯ, ಸುಳ್ಳು ಕೂಡ.

ಕಾರಣ ತಿಳಿದ ಮೇಲೂ ಸುಮಾರು ಹದಿನೇಳು ವರುಷ ಮದ್ದಿರಲಿಲ್ಲ. ೧೯೫೧ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ತರುಣ ವೈದ್ಯರಿದ್ದರು. ಮೂವತ್ತು ದಾಟಿ ಎರಡು ಮೂರು ವರುಷ; ಅದರಲ್ಲೂ ಯುದ್ಧದಲ್ಲಿ ಶತ್ರುವಾಗಿದ್ದ ಜರ್ಮನಿಯವರು. ಎರಡು ವರುಷದ ಹೆಣ್ಣುಮಗುವಿನ ತಾಯಿ ದಿನವೂ ಬಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತು, “ಮಗುವಿಗೆ ಏನಾದರೂ ಮಾಡಿ” ಎಂದು ಪಟ್ಟು ಹಿಡಿದಳು. ಬಿಕೆಲ್, ಡಾ. ಜೆರಾರ್ಡ್ ಮತ್ತು ರಸಾಯನಶಾಸ್ತ್ರಜ್ಞೆ ಎವೆಲಿನ್ ಹಿಕ್‌ಮನ್ಸ್ ಸೇರಿ ಹಾಲಿನ ಸಾರದಿಂದ ಆ ಅಂಶವನ್ನು ಇದ್ದಲಿನ ಮೂಲಕ ಬೇರ್ಪಡಿಸಿ ಹೊಸ ಆಹಾರ ತಯಾರಿಸಿದರು. ಕೆಲವು ತಿಂಗಳಲ್ಲಿ ಮಗು ಅಂಬೆಗಾಲಿಟ್ಟಿತು, ನಿಂತಿತು, ತಲೆ ಚಚ್ಚಿಕೊಳ್ಳುವುದನ್ನು ಬಿಟ್ಟಿತು. ಆ ಅಂಶವನ್ನು ಮತ್ತೆ ಬೆರೆಸಿದಾಗ ಹಿಂದಿನ ಸ್ಥಿತಿ ಮರಳಿತು. ಮೊದಲು ಹಾಗೆ ಬೆರೆಸಿದ್ದು ತಾಯಿಗೆ ತಿಳಿಸದೆ. ಅದು ಒಪ್ಪತಕ್ಕ ಮಾತಲ್ಲ. ಅನಂತರ ಅವಳ ಒಪ್ಪಿಗೆ ಪಡೆದೇ ಪುನಃ ಪರೀಕ್ಷಿಸಿದರು. ೧೯೫೩ರಲ್ಲಿ ಫಲಿತಾಂಶ ಪ್ರಕಟವಾಯಿತು.

ಆದರೆ ಆಗಲೇ ಕೆಟ್ಟ ಮೆದುಳು ಪೂರ್ತಿ ಸರಿಯಾಗದು. ಹುಟ್ಟಿದ ಕೆಲವೇ ದಿನಗಳಲ್ಲಿ ರೋಗ ತಿಳಿಯಬೇಕು. ಆ ದಾರಿ ತೋರಿಸಿದವರು ಅಮೆರಿಕದ ರಾಬರ್ಟ್ ಗತ್ರಿ: ಹಿಮ್ಮಡಿಯಿಂದ ಒಂದು ಹನಿ ರಕ್ತ, ಒಂದು ತುಂಡು ಕಾಗದ, ಅಷ್ಟೆ. ೧೯೬೩ರಲ್ಲಿ ಮ್ಯಾಸಚುಸೆಟ್ಸ್ ರಾಜ್ಯ ಅದನ್ನು ಕಡ್ಡಾಯ ಮಾಡಿತು.

ಇನ್ನು ವ್ಯಾಪಾರಿ ಬಂಧುಗಳು ಲೆಕ್ಕ ಕೇಳಿ. ೫೦೦ ಪರೀಕ್ಷೆಗಳ ಸಾಮಾನನ್ನು ಗತ್ರಿ ೬ ಡಾಲರಿಗೆ ತಯಾರಿಸುತ್ತಿದ್ದರು. ತಯಾರಿಕೆಯ ಹಕ್ಕು ಪಡೆದ ಕಂಪನಿ ಹೇಳಿದ ಬೆಲೆ ೨೬೨ ಡಾಲರ್! ನ್ಯಾಯವಾದ ಲಾಭ ನಿಮಗೆ ಗೊತ್ತು. ಇದು ಯಾವ ಅಂಗಡಿಯ ಲಾಭ? ಸಂಶೋಧನೆಗೆ ಸರಕಾರದ ಹಣ ಹೋಗಿತ್ತು. ಆದ್ದರಿಂದ ಅದರ ಹಕ್ಕು ಸಾರ್ವಜನಿಕರದೆಂದು ೧೯೬೫ರಲ್ಲಿ ಅಮೆರಿಕದ ಸರಕಾರವೇ ತೀರ್ಮಾನಿಸಿತು. ಬಂಡವಾಳದ ತವರಿನಲ್ಲೇ ಇದು ಸಾಧ್ಯವಾಯಿತು ಎಂಬುದನ್ನು ನೆನಪಿಡಿ. ಈ ಜಗಳ ಮುಗಿದಿಲ್ಲ. ೨೦೧೯ರಲ್ಲಿ ಮಕ್ಕಳ ಸ್ನಾಯು ಸವೆಯುವ ಮತ್ತೊಂದು ನರರೋಗಕ್ಕೆ ಅಮೆರಿಕದಲ್ಲಿ ಮದ್ದು ಬಂದಾಗ ಅದರ ಬೆಲೆ ೨೧ ಲಕ್ಷ ಡಾಲರಿಗೂ ಮೇಲೆ!

ನಮ್ಮಲ್ಲಿ ಜ್ಞಾನವಿಲ್ಲವೆ? ಇದೆ. ೧೯೮೦ರ ದಶಕದಲ್ಲೇ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ನವಜಾತ ಶಿಶುಗಳ ರಕ್ತವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದರು. ಆದರೂ ಇಂಥ ಪರೀಕ್ಷೆ ದೇಶದ ಎಲ್ಲ ಶಿಶುಗಳಿಗೂ ಇನ್ನೂ ತಲುಪಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಹಣವಿದ್ದವರ ಮಗುವಿಗೆ ಉಂಟು, ಕೂಲಿಯವಳ ಮಗುವಿಗೆ ಅದೃಷ್ಟವಿದ್ದರೆ ಉಂಟು.

ಸಂಗಾತಿಗಳೆ, ಕೇಳಬೇಕಾದ್ದು ಎರಡು. ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಧರ್ಮಾರ್ಥವಾಗಿ ಅಲ್ಲ, ಹಕ್ಕಾಗಿ ಈ ಪರೀಕ್ಷೆ, ರೋಗ ಕಂಡರೆ ಬೇಕಾದ ಆಹಾರ. ಬಿಕೆಲರಂಥ ತರುಣ ವೈದ್ಯರು ಹೊಟ್ಟೆಪಾಡಿನ ಚಿಂತೆಯಿಲ್ಲದೆ ಹುಡುಕಾಟ ನಡೆಸಲು ಸಾರ್ವಜನಿಕ ಹಣ. ಆ ಎರಡು ಊರಿನ ತಾಯಂದಿರು ಒಬ್ಬೊಬ್ಬರೇ ಬಾಗಿಲು ತಟ್ಟಿ ಇಷ್ಟು ಪಡೆದರು. ನಾವು ಒಟ್ಟಾಗಿ ತಟ್ಟೋಣ.